ಸೂಜಿಗಿಂತ ಮೊದಲು ಭಯ ಚುಚ್ಚದಿರಲಿ

ಆರು ವರ್ಷದ ಹುಡುಗ. ದವಡೆ ಹಲ್ಲಿನ ನೋವಿನಿಂದ ಎರಡು ರಾತ್ರಿ ನಿದ್ದೆಯಿಲ್ಲ. ಆದರೂ ದಂತವೈದ್ಯರ ಕುರ್ಚಿ ಕಂಡೊಡನೆ ಅಮ್ಮನ ಸೆರಗು ಹಿಡಿದು ತುಟಿ ಬಿಗಿದುಕೊಂಡ. 'ಬಾಯಿ ತೆಗೀತೀಯೋ, ಇಲ್ಲ ದೊಡ್ಡ ಸೂಜಿ ಚುಚ್ಚೋಕೆ ಹೇಳ್ಲೋ?' ಎಂದು ಅಮ್ಮ ಗದರಿದಳು. ಅಲ್ಲಿಗೆ ಸೂಜಿ ಔಷಧದ ಬದಲು ಶಿಕ್ಷೆಯಾಯಿತು!

ಮಗು ಹೆದರುವ ಈ ಸೂಜಿ ಇರುವುದೇ ನೋವು ತಡೆಯಲಿಕ್ಕೆ. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ತಯಾರಿಸಿದ ಲಿಗ್ನೊಕೇನ್ ಇಂದಿಗೂ ದಂತವೈದ್ಯರು ಹೆಚ್ಚಾಗಿ ಬಳಸುವ ಅರಿವಳಿಕೆ ಮದ್ದು. ನೋವಿನ ಸುದ್ದಿ ನರದ ಮೂಲಕ ಮಿದುಳಿಗೆ ಮುಟ್ಟದಂತೆ ಅದು ಕೆಲಹೊತ್ತು ತಡೆಯುತ್ತದೆ. 'ಹಾಲುಹಲ್ಲು ತಾನೆ, ಇಂಜೆಕ್ಷನ್ ಯಾಕೆ?' ಎನ್ನುವವರಿದ್ದಾರೆ. ಹಾಲುಹಲ್ಲಿಗೂ ನರವಿದೆ. ಎಳವೆಯಲ್ಲಿ ಹೀಗೆ ನೊಂದವರು ದೊಡ್ಡವರಾದ ಮೇಲೂ ಹಲ್ಲಿನ ಆಸ್ಪತ್ರೆಯ ಮೆಟ್ಟಿಲು ಹತ್ತಲು ಅಂಜುತ್ತಾರೆ.

ನೋವು ತಗ್ಗಿಸುವ ಬಗೆ

ಇಂಜೆಕ್ಷನ್ನಿನಲ್ಲಿ ಮೊನೆ ಚುಚ್ಚಿದ್ದಷ್ಟೇ ನೋವಲ್ಲ. ಮದ್ದು ರಭಸವಾಗಿ ಒಳನುಗ್ಗಿದಾಗ ಅಲ್ಲಿನ ಅಂಗಾಂಶ ಬಿಗಿದು ನೋಯುತ್ತದೆ. ಅಂಗುಳಿನ ಪದರ ಮೂಳೆಗೆ ಗಟ್ಟಿಯಾಗಿ ಅಂಟಿಕೊಂಡಿರುವುದರಿಂದ ಅಲ್ಲಿ ನೋವು ಇನ್ನೂ ಹೆಚ್ಚು. ಆದ್ದರಿಂದ ಮೊದಲ ಉಪಾಯ ನಿಧಾನ. ಒಂದು ಮಿಲಿಲೀಟರ್ ಮದ್ದಿಗೆ ಸುಮಾರು ಒಂದು ನಿಮಿಷ ಬೇಕು.

ಎರಡನೆಯದು ಮುಲಾಮು. ವಸಡನ್ನು ಹತ್ತಿಯಿಂದ ಒರೆಸಿ, ಮರಗಟ್ಟಿಸುವ ಲೇಪ ಹಚ್ಚಿ ಒಂದೆರಡು ನಿಮಿಷ ಕಾದರೆ ಮೊನೆ ತಾಗಿದ್ದು ಅಷ್ಟಾಗಿ ಗೊತ್ತಾಗದು. ಆದರೆ ಬೆಂಜೊಕೇನ್ ಇರುವ ಲೇಪವನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಹಚ್ಚಬಾರದು. ಅದರಿಂದ ರಕ್ತದ ಆಮ್ಲಜನಕ ಒಯ್ಯುವ ಶಕ್ತಿ ಕುಂದುವ ಅಪಾಯವಿದೆ.

ಚುಚ್ಚುವಾಗ ವೈದ್ಯರು ಕೆನ್ನೆಯನ್ನು ಮೆಲ್ಲಗೆ ಅಲುಗಾಡಿಸುವುದನ್ನು ನೀವು ಕಂಡಿರಬಹುದು. ಮೊಣಕಾಲಿಗೆ ಪೆಟ್ಟಾದಾಗ ನಾವು ಉಜ್ಜಿಕೊಳ್ಳುವುದಿಲ್ಲವೇ? ಇದೂ ಹಾಗೆಯೇ. ಸ್ಪರ್ಶದ ಸುದ್ದಿ ನೋವಿನ ಸುದ್ದಿಗೆ ಬಾಗಿಲು ಹಾಕುತ್ತದೆಂದು 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ವಿವರಿಸಿದರು.

ಇನ್ನು ಭಯಕ್ಕೆ ಮದ್ದು ಮಾತು. ಮೊದಲು ಹೇಳುವುದು, ಆಮೇಲೆ ತೋರಿಸುವುದು, ಕೊನೆಗೆ ಮಾಡುವುದು – ಮಕ್ಕಳ ದಂತವೈದ್ಯರ ಹಳೆಯ ಸೂತ್ರವಿದು. 'ನೋವಾದರೆ ಎಡಗೈ ಎತ್ತು, ನಿಲ್ಲಿಸ್ತೀನಿ' ಎಂದು ಹೇಳಿ ಹಾಗೆಯೇ ನಡೆದುಕೊಂಡರೆ ಮಗುವಿಗೆ ಧೈರ್ಯ ಬರುತ್ತದೆ.

ಮನೆಯವರ ಪಾಲು

ತುಂಟತನಕ್ಕೆ, ಊಟ ಬಿಟ್ಟಿದ್ದಕ್ಕೆ ಸೂಜಿಯ ಹೆಸರು ಹೇಳಿ ಹೆದರಿಸಬೇಡಿ. 'ಇಂಜೆಕ್ಷನ್ ಇಲ್ಲವೇ ಇಲ್ಲ' ಎಂಬ ಸುಳ್ಳೂ ಬೇಡ. ಒಮ್ಮೆ ಮೋಸಹೋದ ಮಗು ಮತ್ತೆ ನಂಬದು. 'ಹಲ್ಲಿಗೆ ನಿದ್ದೆ ಬರಿಸ್ತಾರೆ, ಸ್ವಲ್ಪ ಚುರುಕ್ ಅನ್ನಬಹುದು' ಎಂದರೆ ಸಾಕು. ಕೀವು ತುಂಬಿದ ಜಾಗದಲ್ಲಿ ಮದ್ದು ಸರಿಯಾಗಿ ಹಿಡಿಯುವುದಿಲ್ಲ. ಆದ್ದರಿಂದ ಮುಖ ಊದುವವರೆಗೆ ಕಾಯದೆ, ಹುಳುಕು ಕಂಡಾಗಲೇ ಕರೆದೊಯ್ಯಿರಿ. ಮದ್ದಿನ ಪ್ರಮಾಣ ಮಗುವಿನ ತೂಕ ನೋಡಿ ನಿರ್ಧಾರವಾಗುತ್ತದೆ. ತೂಕ, ಅಲರ್ಜಿ, ಬೇರೆ ಕಾಯಿಲೆಗಳನ್ನು ವೈದ್ಯರಿಗೆ ಮೊದಲೇ ತಿಳಿಸಿ.

ಮನೆಗೆ ಬಂದ ಮೇಲೂ ಎರಡು ಮೂರು ಗಂಟೆ ಎಚ್ಚರ ಬೇಕು. ಜೋಮು ಹಿಡಿದ ತುಟಿಯನ್ನು ಮಕ್ಕಳು ಗೊತ್ತಿಲ್ಲದೆ ಕಚ್ಚಿ ಹುಣ್ಣು ಮಾಡಿಕೊಳ್ಳುತ್ತಾರೆ. ಜೋಮು ಇಳಿಯುವವರೆಗೆ ಬಿಸಿ ಪದಾರ್ಥ, ಅಗಿಯುವ ತಿಂಡಿ ಬೇಡ.

ಅಂದಹಾಗೆ, ಆ ಹುಡುಗನ ಕತೆ ಏನಾಯಿತು? ವೈದ್ಯರು ಅಮ್ಮನನ್ನು ಪಕ್ಕದಲ್ಲಿ ಕೂರಿಸಿ, ಅವನ ಕೈಗೆ ಕನ್ನಡಿ ಕೊಟ್ಟು ಹಲ್ಲು ಎಣಿಸಲು ಹೇಳಿದರು. ಮುಲಾಮು ಹಚ್ಚಿದರು. ಆಮೇಲೆ ಅವನ ಕೆನ್ನೆ ಅಲುಗಾಡಿಸುತ್ತ, ಅವನ ಶಾಲೆಯ ಸುದ್ದಿ ಕೇಳುತ್ತ ಕೆಲಸ ಮುಗಿಸಿದರು. ಸ್ವಲ್ಪ ಹೊತ್ತಿನ ಮೇಲೆ ಅವನೇ ಕೇಳಿದ: 'ಸೂಜಿ ಯಾವಾಗ ಹಾಕ್ತೀರಿ?'