ಕಿಲೋಗ್ರಾಮಿಗೆ ಬಹುವಚನವಿಲ್ಲ

ನಮ್ಮ ದೇಶದಲ್ಲಿ ಸೇರು ಮಣಗಳ ಸ್ಥಾನಕ್ಕೆ ಮೆಟ್ರಿಕ್ ತೂಕಗಳು ಬರತೊಡಗಿದುದು 1958ರ ಅಕ್ಟೋಬರಿನಿಂದ. ತೂಕವನ್ನು ನಾವು ಕಲಿತೆವು. ಅದನ್ನು ಬರೆಯುವ ಕ್ರಮವನ್ನು ಮಾತ್ರ ಇನ್ನೂ ಸರಿಯಾಗಿ ಕಲಿತಂತಿಲ್ಲ. ಅಕ್ಕಿಯ ಮೂಟೆಯ ಮೇಲೆ 25 ಎಂಬ ಅಂಕಿಯ ಮುಂದೆ ರೋಮನ್ ಲಿಪಿಯ ಕೆ, ಜಿ, ಎಸ್ ಎಂಬ ಮೂರು ಅಕ್ಷರಗಳನ್ನು ವಾಚಕರೂ ಕಂಡಿರಬಹುದು. ಕಿಲೋಗ್ರಾಮುಗಳು ಹಲವಾದುದರಿಂದ ಬಹುವಚನದ ಎಸ್ ಒಂದಿರಲಿ ಎಂಬುದು ಬರೆದವರ ಎಣಿಕೆ. ಆದರೆ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಚಿಕ್ಕ ಎಸ್ ಎಂದರೆ ಸೆಕೆಂಡು. ಭೌತವಿಜ್ಞಾನದ ವಿದ್ಯಾರ್ಥಿಯೊಬ್ಬನು ಅದನ್ನು 'ಇಪ್ಪತ್ತೈದು ಕಿಲೋಗ್ರಾಂ-ಸೆಕೆಂಡು' ಎಂದು ಓದಿದರೆ ಅವನನ್ನು ಹೆಚ್ಚು ಆಕ್ಷೇಪಿಸುವಂತಿಲ್ಲ!

ಇವುಗಳನ್ನು ಪದಗಳ ಸಂಕ್ಷೇಪಗಳೆಂದು ಭಾವಿಸುವುದೇ ತಪ್ಪಿನ ಮೂಲ. ಇವು ಗಣಿತದ ಚಿಹ್ನೆಗಳಂತೆ ಸಂಕೇತಗಳು. ಸಂಕಲನದ ಚಿಹ್ನೆಗೆ ಬಹುವಚನವುಂಟೆ? ಅದರ ಮುಂದೆ ಬಿಂದುವನ್ನು ಇಡುವವರುಂಟೆ? ಗ್ರಾಮಿಗೆ ಜಿ ಒಂದೇ ಸಾಕು, ಎಂ ಬೇಡ. ಅಂಕಿಗೂ ಸಂಕೇತಕ್ಕೂ ನಡುವೆ ಸ್ವಲ್ಪ ತೆರವಿರಬೇಕು.

ಅಕ್ಷರದ ಗಾತ್ರವಂತೂ ಅರ್ಥವನ್ನೇ ಬದಲಿಸುತ್ತದೆ. ವಿಜ್ಞಾನಿಗಳ ಹೆಸರನ್ನು ಹೊತ್ತ ನ್ಯೂಟನ್, ವೋಲ್ಟ್, ಆಂಪೇರ್ ಮುಂತಾದ ಮಾನಗಳಿಗೆ ದೊಡ್ಡಕ್ಷರ. ಮೀಟರ್, ಗ್ರಾಂ, ಸೆಕೆಂಡುಗಳಿಗೆ ಚಿಕ್ಕಕ್ಷರ. ಲೀಟರಿನ ಚಿಕ್ಕ ಎಲ್ ಅಕ್ಷರವು 1 ಎಂಬ ಅಂಕಿಯಂತೆಯೇ ತೋರುವುದರಿಂದ, ತೂಕ ಮತ್ತು ಅಳತೆಗಳ ಮಹಾಸಮ್ಮೇಳನವು 1979ರಲ್ಲಿ ದೊಡ್ಡ ಎಲ್ ಅನ್ನೂ ಅಂಗೀಕರಿಸಿತು. ಕಿಲೋ ಎಂಬುದಕ್ಕೆ ಚಿಕ್ಕ ಕೆ. ಅದು ದೊಡ್ಡದಾದರೆ ಉಷ್ಣತೆಯ ಮಾನವಾದ ಕೆಲ್ವಿನ್ ಆಗಿಬಿಡುತ್ತದೆ. ಚಿಕ್ಕ ಎಂ ಮಿಲಿ, ಎಂದರೆ ಸಾವಿರದಲ್ಲೊಂದು ಪಾಲು. ದೊಡ್ಡ ಎಂ ಮೆಗಾ, ಎಂದರೆ ಹತ್ತು ಲಕ್ಷ ಪಟ್ಟು. ಮಿಲಿವ್ಯಾಟಿಗೂ ಮೆಗಾವ್ಯಾಟಿಗೂ ನೂರು ಕೋಟಿ ಪಟ್ಟು ಅಂತರ!

ಅಪಾಯವು ನಿಜವಾಗಿರುವುದು ಔಷಧದ ಚೀಟಿಯಲ್ಲಿ. ಥೈರಾಯ್ಡ್ ಗ್ರಂಥಿಯ ಕೊರತೆಗೆ ಕೊಡುವ ಥೈರಾಕ್ಸಿನ್ ಮಾತ್ರೆಗಳ ಪ್ರಮಾಣವನ್ನು ಮೈಕ್ರೋಗ್ರಾಮುಗಳಲ್ಲಿ ಹೇಳುತ್ತಾರೆ. ಮೈಕ್ರೋ ಎಂಬುದರ ಸಂಕೇತ ಗ್ರೀಕ್ ಅಕ್ಷರವಾದ ಮ್ಯೂ. ಅವಸರದ ಕೈಬರಹದಲ್ಲಿ ಅದು ಎಂ ಆಗಿ ತೋರಿದರೆ 50 ಮೈಕ್ರೋಗ್ರಾಂ 50 ಮಿಲಿಗ್ರಾಂ ಆಗುತ್ತದೆ. ಪ್ರಮಾಣವು ಸಾವಿರ ಪಟ್ಟು ಏರುತ್ತದೆ. ಇಂತಹ ಕಡೆಗಳಲ್ಲಿ ಸಂಕೇತದ ನಿಯಮವನ್ನು ಬದಿಗಿಟ್ಟು ಪೂರ್ಣ ಹೆಸರನ್ನೇ ಬರೆಯುವುದು ಲೇಸು.

ಕನ್ನಡದಲ್ಲಿ ಬರೆಯುವಾಗ ಸಂಗತಿ ಬೇರೆ. ಕಿ.ಮೀ., ಮಿ.ಲೀ. ಎಂಬುವು ನಿಜವಾಗಿಯೂ ಸಂಕ್ಷೇಪಗಳೇ ಆದುದರಿಂದ ಅವುಗಳಿಗೆ ಬಿಂದು ಸಲ್ಲುತ್ತದೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳ ತೊಡಕೂ ಇಲ್ಲ. ಭಾರವೆಲ್ಲ ಸ್ವರಚಿಹ್ನೆಯ ಮೇಲೆ: ಮಿ ಎಂದರೆ ಮಿಲಿ, ಮೈ ಎಂದರೆ ಮೈಕ್ರೋ, ಮೆ ಎಂದರೆ ಮೆಗಾ. ಕರಡಚ್ಚನ್ನು ತಿದ್ದುವಾಗ ನಾವು ಮೊದಲು ನೋಡುವುದು ಆ ಗುಡಿಸು, ಏತ್ವ, ಐತ್ವಗಳನ್ನೇ.