ಹೊಳಿಗೆ ಉಸುಕು ಎಷ್ಟು ಬಂತು ಅಂತ ಅಳೆದವರು ಯಾರು?

ಜಮಖಂಡಿ ತಾಲೂಕಿನ ಹುನ್ನೂರಿನಿಂದ ಉತ್ತರಕ್ಕೆ ಹೋದರೆ ಕೃಷ್ಣಾ, ದಕ್ಷಿಣಕ್ಕೆ ಮುಧೋಳದ ಕಡೆ ಹೋದರೆ ಘಟಪ್ರಭಾ. ಈ ಎರಡು ಹೊಳಿಗಳ ನಡುವಿನ ಊರುಗಳಲ್ಲಿ ಮನೆ ಕಟ್ಟಿಸುವವರಿಗೆ ಉಸುಕು ಬೇಕು, ಕಬ್ಬು ಹಚ್ಚಿದವರಿಗೆ ಬಾವಿಯಲ್ಲಿ ನೀರು ಬೇಕು. ಎಷ್ಟೋ ಮನೆಗಳಲ್ಲಿ ಇಬ್ಬರೂ ಒಬ್ಬರೇ. ಹಾಗಾಗಿ ಉಸುಕು ತೆಗೆಯೋದು ಸರಿಯೋ ತಪ್ಪೋ ಅನ್ನೋ ಜಗಳ ಚಹಾದಂಗಡಿಯಲ್ಲಿ ಬಗೆಹರಿಯೋದಿಲ್ಲ. ಅದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ: ತೆಗೆಯೋ ಮುಂಚೆ ಹೊಳಿ ಹೇಗಿತ್ತು ಅಂತ ಯಾರಾದರೂ ಬರೆದಿಟ್ಟಿದ್ದಾರಾ?

ನಾಳೆ ನಿಮ್ಮೂರ ಹೊಳೀದಂಡೆಯಲ್ಲಿ 4 ಹೆಕ್ಟೇರ್ ಜಾಗದಲ್ಲಿ ಉಸುಕು, ಗರಸು ತೆಗೆಯುವ ಪ್ರಸ್ತಾವ ಬಂತು ಅಂದುಕೊಳ್ಳಿ. 3 ಮೀಟರ್ ಆಳ ಅಂತ ಕಾಗದದಲ್ಲಿದೆ. ಲೆಕ್ಕ ಹಾಕಿದರೆ 1,20,000 ಘನ ಮೀಟರ್. ಈಗ ಮಳೆಗಾಲದಲ್ಲಿ ಹೊಳಿ ಆ ಜಾಗಕ್ಕೆ ಸರಾಸರಿ 40 ಸೆಂಟಿಮೀಟರ್ ಹೊಸ ಉಸುಕು ತಂದು ಹಾಕುತ್ತದೆ ಅಂತ ಇಟ್ಟುಕೊಳ್ಳೋಣ. ಅದು ಬರೀ 16,000 ಘನ ಮೀಟರ್. ಕೇಂದ್ರ ಪರಿಸರ ಸಚಿವಾಲಯದ 2020ರ ಮರಳುಗಾರಿಕೆ ಮಾರ್ಗಸೂಚಿ ಪ್ರಕಾರ ವರ್ಷಕ್ಕೆ ತುಂಬಿಕೊಳ್ಳುವುದರಲ್ಲಿ ಶೇ 60ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಅಂದರೆ 9,600. ಒಂದೇ ಜಾಗ, ಒಂದೇ ಹೊಳಿ, ಆದರೆ ಎರಡು ಲೆಕ್ಕದ ನಡುವೆ ಹನ್ನೆರಡು ಪಟ್ಟಿಗಿಂತ ಹೆಚ್ಚು ಅಂತರ. ಯಾವ ಲೆಕ್ಕ ಕಡತದೊಳಗೆ ಹೋಗುತ್ತದೆ ಅನ್ನೋದೇ ಇಲ್ಲಿನ ರಾಜಕೀಯ.

ಈ ಮರುಪೂರಣದ ಲೆಕ್ಕ ಅಲಂಕಾರಕ್ಕೆ ಇರೋದಲ್ಲ ಅಂತ ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಹೇಳಿತು. ಕಾಶ್ಮೀರದ ಬಡಗಾಮ್ ಜಿಲ್ಲೆಯ ಶಾಲಿಗಂಗಾ ಹಳ್ಳದಲ್ಲಿ ಉಸುಕು, ಗರಸು ತೆಗೆಯಲು ಅನುಮತಿ ಸಿಕ್ಕಿತ್ತು. ಮರುಪೂರಣದ ಅಧ್ಯಯನ ಇರಲಿಲ್ಲ. ಅಧಿಕಾರಿಗಳು ಏನು ಮಾಡಿದರು? ಆಳವನ್ನು 1 ಮೀಟರ್‌ಗೆ ಇಳಿಸಿ ಅನುಮತಿ ಕೊಟ್ಟರು. ಹಸಿರು ನ್ಯಾಯಮಂಡಳಿ ಅದನ್ನು ರದ್ದು ಮಾಡಿತು, ಸುಪ್ರೀಂ ಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ಕಡಿಮೆ ಅಗೆಯುತ್ತೇವೆ ಅನ್ನೋದು ಅಳತೆಗೆ ಬದಲಿ ಆಗೋದಿಲ್ಲ. ಮರುಪೂರಣದ ಅಧ್ಯಯನ ಇಲ್ಲದ ಜಿಲ್ಲಾ ಸಮೀಕ್ಷಾ ವರದಿಯನ್ನು ನಂಬಿ ಪರಿಸರ ಅನುಮತಿ ಕೊಡುವಂತಿಲ್ಲ ಅನ್ನೋದು ಈಗ ದೇಶಕ್ಕೆಲ್ಲ ಅನ್ವಯಿಸುವ ಕಾನೂನು. ಬಾಗಲಕೋಟೆ ಜಿಲ್ಲೆಗೂ.

ಅಳತೆ ಇದ್ದರೆ ಸಾಕಾ? ಸಾಲದು

ಯಾವಾಗ ಅಳೆದರು ಅನ್ನೋದು ಅಷ್ಟೇ ಮುಖ್ಯ. 2019ರ ಆಗಸ್ಟ್ ಇಲ್ಲಿ ಯಾರಿಗೆ ಮರೆತಿದೆ? ಕೃಷ್ಣಾ, ಘಟಪ್ರಭಾ ಎರಡೂ ಉಕ್ಕಿ ಜಮಖಂಡಿ, ಮುಧೋಳ ಭಾಗದ ಹಳ್ಳಿಗಳು ನೀರೊಳಗೆ ಕೂತವು. ಅಂಥ ಮಹಾಪೂರದ ಮರುವರ್ಷ ಅಳತೆ ಮಾಡಿ, 40 ಸೆಂಟಿಮೀಟರ್ ಬದಲು 1 ಮೀಟರ್ ಉಸುಕು ಕೂತಿದೆ ಅಂತ ಬರೆದರೆ ಸುಳ್ಳು ಬರೆದಂತಾಗೋದಿಲ್ಲ. ಆದರೆ ವರ್ಷಕ್ಕೆ ತೆಗೆಯಬಹುದಾದದ್ದು 9,600ರಿಂದ 24,000 ಘನ ಮೀಟರ್‌ಗೆ ಜಿಗಿಯುತ್ತದೆ. ಗುತ್ತಿಗೆ ನಡೆಯೋದು ವರ್ಷಗಟ್ಟಲೆ, ಮಹಾಪೂರ ಪ್ರತಿ ವರ್ಷ ಬರೋದಿಲ್ಲ. ಬರದ ವರ್ಷಗಳಲ್ಲೂ ಟಿಪ್ಪರ್‌ಗಳು ಅದೇ ಲೆಕ್ಕದಲ್ಲೇ ಓಡುತ್ತವೆ.

ಇನ್ನೊಂದು ಮಾತು ನಮ್ಮ ಹೊಳಿಗಳಿಗೇ ಸಂಬಂಧಿಸಿದ್ದು. ಘಟಪ್ರಭೆಗೆ ಮೇಲೆ ಹಿಡಕಲ್ ಡ್ಯಾಮ್ ಇದೆ, ಕೃಷ್ಣೆಗೆ ಹಿಪ್ಪರಗಿ ಬ್ಯಾರೇಜ್ ಇದೆ, ಕೆಳಗೆ ಆಲಮಟ್ಟಿಯ ಹಿನ್ನೀರು. ಜಮಖಂಡಿ ರೈತರೇ 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕಟ್ಟಿಕೊಂಡ ಬ್ಯಾರೇಜ್ ಅಂತೂ ಎಲ್ಲರಿಗೂ ಗೊತ್ತು. ಡ್ಯಾಮ್ ನೀರಿನ ಜೊತೆ ಉಸುಕನ್ನೂ ಹಿಡಿದಿಡುತ್ತದೆ. ಕೆಳಗೆ ಬಿಟ್ಟ ನೀರು ಖಾಲಿ ಕೈಯಲ್ಲಿ ಬಂದು ತನ್ನದೇ ತಳ, ತನ್ನದೇ ದಂಡೆ ಕೊರೆಯುತ್ತದೆ. ಹಾಗಾಗಿ ಬೇರೆ ನದಿಯ ಅಂಕಿ ತಂದು ಇಲ್ಲಿಗೆ ಅಂಟಿಸುವಂತಿಲ್ಲ. ಆ ಜಾಗದಲ್ಲೇ, ಮಳೆಗಾಲಕ್ಕೆ ಮೊದಲು ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ, ಹೊಳಿಗೆ ಅಡ್ಡಲಾಗಿ ತಳದ ಮಟ್ಟ ಅಳೆಯಬೇಕು.

ವರದಿಯಲ್ಲಿ ಗಾಳಿಯ ದೂಳು, ಶಬ್ದ, ಮಣ್ಣಿನ ಗುಣಗಳ ಕೋಷ್ಟಕಗಳು ಪುಟಗಟ್ಟಲೆ ಇರುತ್ತವೆ. ಇರಲಿ. ಆದರೆ ಈ ಮಾಹಿತಿಯನ್ನು ಮಳೆಗಾಲ ಬಿಟ್ಟು ಒಂದೇ ಋತುವಿನಲ್ಲಿ ಸಂಗ್ರಹಿಸಿದರೂ ನಡೆಯುತ್ತದೆ. ಹೊಳಿ ಕೆಲಸ ಮಾಡೋದೇ ಮಳೆಗಾಲದಲ್ಲಿ! ಸಂಗ್ರಹಿಸೋ ಸಲಹಾ ಸಂಸ್ಥೆಗೆ ದುಡ್ಡು ಕೊಡೋದು ಗುತ್ತಿಗೆ ಬೇಡುವವರೇ. ಹೀಗಾಗಿ ದೂಳಿನ ಕೋಷ್ಟಕ ಬಿಟ್ಟು ನೇರ ಬಾವಿಗಳ ಪುಟಕ್ಕೆ ಹೋಗಿ. ಸುತ್ತಲಿನ ಯಾವ ಬಾವಿ, ಯಾವ ಬೋರ್‌ವೆಲ್, ಯಾವ ತಿಂಗಳಲ್ಲಿ ಎಷ್ಟು ಅಡಿಗೆ ನೀರು ಅಂತ ಇದೆಯಾ? ಹೊಳೀತಳದ ಉಸುಕು ಸ್ಪಂಜಿನ ಹಾಗೆ ನೀರು ಹಿಡಿದು ನಿಧಾನಕ್ಕೆ ದಂಡೆಯ ಬಾವಿಗಳಿಗೆ ಬಿಡುತ್ತದೆ. ತಳ ಇಳಿದರೆ ಬಾವಿಯೂ ಇಳಿಯುತ್ತದೆ. ಮೊದಲಿನ ಮಟ್ಟ ದಾಖಲಾಗಿಲ್ಲ ಅಂದರೆ, ಐದು ವರ್ಷದ ನಂತರ ಬಾವಿ ಬತ್ತಿದ ರೈತನಿಗೆ ಸಿಗೋ ಉತ್ತರ ಒಂದೇ: ಮಳೆ ಆಗಿಲ್ಲ ಬಿಡ್ರಿ.

ಸೇತುವೆಯ ದೂರವನ್ನೂ ನೋಡಿ. ಅದೇ ಮಾರ್ಗಸೂಚಿ ಪ್ರಕಾರ ದಂಡೆಯಿಂದ ಹೊಳಿಯ ಅಗಲದ ಕಾಲುಭಾಗ ಬಿಡಬೇಕು, ಅದು 7.5 ಮೀಟರ್‌ಗಿಂತ ಕಡಿಮೆ ಇರಬಾರದು. ಸೇತುವೆಯ ಮೇಲ್ಭಾಗಕ್ಕೆ ಕನಿಷ್ಠ 250 ಮೀಟರ್, ಕೆಳಭಾಗಕ್ಕೆ 500 ಮೀಟರ್ ಬಿಡಬೇಕು. ಬಂಟ್ವಾಳ ತಾಲೂಕಿನ ಮೂಲರಪಟ್ಣ ಸೇತುವೆ 2018ರ ಜೂನ್‌ನಲ್ಲಿ ಕುಸಿದಾಗ ಅಲ್ಲಿನ ಜನ ಮೊದಲು ಬೊಟ್ಟು ಮಾಡಿದ್ದು ಅಕ್ರಮ ಮರಳುಗಾರಿಕೆ ಕಡೆಗೇ.

4 ಹೆಕ್ಟೇರ್ ಯಾಕೆ?

5 ಹೆಕ್ಟೇರ್ ದಾಟಿದರೆ ಪರಿಸರ ಪರಿಣಾಮದ ಪೂರ್ಣ ವರದಿ, ಸಾರ್ವಜನಿಕ ಅಹವಾಲು ಎರಡೂ ಬೇಕು. ಅದಕ್ಕೇ 4, 4.5, 4.9 ಹೆಕ್ಟೇರ್‌ನ ತುಂಡುಗಳು. ಈ ಆಟ ಹಳೆಯದು. ಹರಿಯಾಣದ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರ ಫೆಬ್ರವರಿ 27ರಂದೇ 5 ಹೆಕ್ಟೇರ್‌ಗಿಂತ ಸಣ್ಣ ಗುತ್ತಿಗೆಗೂ ಪರಿಸರ ಅನುಮತಿ ಬೇಕು ಅಂದಿತ್ತು. 500 ಮೀಟರ್ ಒಳಗಿನ ತುಂಡುಗಳನ್ನು ಒಂದೇ ಗುಂಪು ಅಂತ ಲೆಕ್ಕ ಹಾಕಬೇಕು. ಆದ್ದರಿಂದ ನಿಮ್ಮೂರ ನಕ್ಷೆ ಜೊತೆ ಪಕ್ಕದೂರಿನ ನಕ್ಷೆಯನ್ನೂ ಇಟ್ಟು ನೋಡಿ.

ಅಹವಾಲು ಸಭೆ ಆಗುವುದಾದರೆ ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ಕರಡು ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಆದರೆ ಅಸಲಿ ಅವಕಾಶ ಅದಕ್ಕೂ ಮುಂಚಿನದು. ಜಿಲ್ಲಾ ಸಮೀಕ್ಷಾ ವರದಿಯ ಕರಡನ್ನು ಜಿಲ್ಲಾಧಿಕಾರಿ ಕಚೇರಿಯಲ್ಲಿಟ್ಟು, ಜಿಲ್ಲೆಯ ವೆಬ್‌ಸೈಟಿಗೂ ಹಾಕಿ, 21 ದಿನ ಜನರ ಅಭಿಪ್ರಾಯಕ್ಕೆ ಬಿಡಬೇಕು ಅಂತ 2016ರ ಜನವರಿ 15ರ ಅಧಿಸೂಚನೆಯಲ್ಲೇ ಇದೆ. ಎಲ್ಲೆಲ್ಲಿ ಉಸುಕು ಇದೆ, ಎಷ್ಟು ತೆಗೆಯಬಹುದು ಅನ್ನೋದು ತೀರ್ಮಾನ ಆಗೋದೇ ಅಲ್ಲಿ. ಆ 21 ದಿನ ಸಾಮಾನ್ಯವಾಗಿ ಯಾರ ವಾಟ್ಸಾಪ್ ಗುಂಪಿಗೂ ಬಾರದೇ ಕಳೆದುಹೋಗುತ್ತವೆ.

ಅಲ್ಲಿಯವರೆಗೆ ನೀವೇ ಅಳೆಯೋದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಹತ್ತು ಬಾವಿ ಆರಿಸಿ ತಿಂಗಳಿಗೊಮ್ಮೆ ಹಗ್ಗ ಇಳಿಸಿ ನೀರಿನ ಮಟ್ಟ ಬರೆದಿಡಿ. ಬೇಸಿಗೆಯಲ್ಲಿ ನೀರು ಇಳಿದಾಗ ಸೇತುವೆ ಕಂಬದ ಬುಡ, ಜಾಕ್‌ವೆಲ್ ಗೋಡೆ, ದಂಡೆಯ ಅಂಚು ಕಾಣುವ ಹಾಗೆ ದಿನಾಂಕದ ಜೊತೆ ಫೋಟೋ ತೆಗೆಯಿರಿ, ಪ್ರತಿ ವರ್ಷ ಅದೇ ಜಾಗದಲ್ಲಿ ನಿಂತು. ಅನುಮತಿ ಕೊಟ್ಟೇ ಬಿಟ್ಟರೆ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಮೇಲ್ಮನವಿ ಹಾಕಲು ಇರೋದು 30 ದಿನ, ತಡಕ್ಕೆ ಸರಿಯಾದ ಕಾರಣ ಕೊಟ್ಟರೆ ಇನ್ನು 60. ಅಷ್ಟರಲ್ಲಿ ಒಂದು ಮಳೆಗಾಲದ ಅಳತೆ ಹೊಸದಾಗಿ ಮಾಡಲಿಕ್ಕೆ ಆಗೋದಿಲ್ಲ, ವಕೀಲರು ಮೊದಲು ಕೇಳೋದು ಆ ಬಾವಿ ನೋಟ್‌ಬುಕ್ಕನ್ನೇ.