ಸೌದೆಗೊಂದು ಸೂರು

ಮಧ್ಯಾಹ್ನ ಮೂರರ ಹೊತ್ತಿಗೆ ನಂದಿ ಬೆಟ್ಟದ ದಿಕ್ಕಿನಲ್ಲಿ ಮೋಡ ಕಪ್ಪಿಟ್ಟಿತೆಂದರೆ ಯಲಹಂಕದ ಸೌದೆ ಡಿಪೋದಲ್ಲಿ ಕೊಡಲಿ ಸದ್ದು ನಿಲ್ಲುತ್ತದೆ. ಹಸ್ತ, ಚಿತ್ತಾ ಮಳೆಗಳ ಕಾಲ. ಬೆಂಗಳೂರಿಗೆ ಜೋರು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಸೌದೆಗೆ ಗಿರಾಕಿ ಏರುವುದೂ ಆಗಲೇ. ದೀಪಾವಳಿಯ ಎಣ್ಣೆಸ್ನಾನ ಎದುರಿಗಿದೆ, ಅದರ ಬೆನ್ನಿಗೇ ಮದುವೆಗಳು.

ಎದೆಮಟ್ಟಕ್ಕೆ ಒಟ್ಟಿದ ನೀಲಗಿರಿ ಸೀಳುಗಳಲ್ಲಿ ಹೊಸದು ನಸುಗೆಂಪು, ಮೂಗಿಗೆ ಘಾಟು. ತಿಂಗಳುಗಟ್ಟಲೆ ಒಣಗಿದ್ದು ಬೂದು ಬಣ್ಣಕ್ಕೆ ತಿರುಗಿ, ಕೊಯ್ದ ತುದಿಯಲ್ಲಿ ಬಿರುಕು ಬಿಟ್ಟಿದೆ. ಪಳಗಿದ ಗಿರಾಕಿ ಬಣ್ಣ ನೋಡಿ ಸುಮ್ಮನಾಗುವುದಿಲ್ಲ. ಎರಡು ಸೀಳು ಎತ್ತಿ ಒಂದಕ್ಕೊಂದು ಬಡಿಯುತ್ತಾರೆ. ಒಣಗಿದ್ದು ಟಣ್ ಎನ್ನುತ್ತದೆ, ಹಸಿಯದು ದಪ್ ಎನ್ನುತ್ತದೆ.

ಮೊದಲ ಹನಿಗೆ ಹುಡುಗರು ಓಡುತ್ತಾರೆ. ಒಬ್ಬ ನೀಲಿ ಟಾರ್ಪಾಲು ಎಳೆದರೆ ಇನ್ನೊಬ್ಬ ಹಳೆಯ ಫ್ಲೆಕ್ಸ್ ಬಿಚ್ಚುತ್ತಾನೆ. ಯಾರದೋ ಹುಟ್ಟುಹಬ್ಬದ ಶುಭಾಶಯ ಸೌದೆಯ ಮೇಲೆ ತಲೆಕೆಳಗಾಗಿ ಮಲಗುತ್ತದೆ. ಗಾಳಿಗೆ ಹಾರದಂತೆ ಮೇಲೆ ಸೈಜುಗಲ್ಲು, ಹಳೇ ಟೈರು. ಅವಸರದಲ್ಲಿ ಒಬ್ಬ ಹಾಳೆಯನ್ನು ನೆಲದವರೆಗೂ ಇಳಿಬಿಡುತ್ತಾನೆ.

'ಏ, ತಲೆ ಮಾತ್ರ ಮುಚ್ಚೋ! ಪಕ್ಕ ಬಿಡು, ಉಸಿರು ಕಟ್ಟುತ್ತೆ!' ಎಂದು ಡಿಪೋ ಯಜಮಾನರು ಕೂಗುತ್ತಾರೆ.

ಆ ಕೂಗಿನಲ್ಲಿ ಇಡೀ ಕಸುಬಿದೆ. ಸುತ್ತಲೂ ಮುಚ್ಚಿದರೆ ಸೌದೆಯಿಂದೆದ್ದ ಹಬೆ ಹಾಳೆಯ ಒಳಮೈಗೆ ತಗುಲಿ, ಹನಿಯಾಗಿ, ಮತ್ತೆ ಸೌದೆಗೇ ಇಳಿಯುತ್ತದೆ; ನಾಲ್ಕು ದಿನ ಕಳೆದರೆ ಬೂಷ್ಟು. ಮೇಲೆ ಇಳಿಜಾರಾಗಿ ಹೊದಿಸಿ, ಪಕ್ಕ ತೆರೆದಿಟ್ಟರೆ ಎರಚಲು ನೆನೆಸಿದ್ದನ್ನು ಗಾಳಿಯೇ ಒಣಗಿಸುತ್ತದೆ. ಅಡಿಗೆ ಕಲ್ಲು ಚಪ್ಪಡಿಯನ್ನೋ ಅಡ್ಡ ದಿಮ್ಮಿಯನ್ನೋ ಕೊಡದಿದ್ದರೆ ನೆಲದ ತೇವ ಏರುತ್ತದೆ, ಗೆದ್ದಲೂ ಹಿಂಬಾಲಿಸುತ್ತದೆ. ಹಾಗಾಗಿ ಈ ಕಾಲದಲ್ಲಿ ಕೆಳಗಿನ ಸಾಲನ್ನು ಯಾರಿಗೂ ತೂಗಿಕೊಡುವುದಿಲ್ಲ.

ಇಷ್ಟು ಜತನ ಯಾಕೆಂದು ಹಂಡೆಯ ಮುಂದೆ ಕೂತು ಊದಿದವರಿಗೆ ಹೇಳಬೇಕಿಲ್ಲ. ಆಗಷ್ಟೇ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧ ನೀರು. ಸೌದೆಯೊಳಗಿನ ಒಂದು ಲೀಟರ್ ನೀರನ್ನು ಆವಿ ಮಾಡಲು ವ್ಯಯವಾಗುವ ಶಾಖದಲ್ಲಿ ಸುಮಾರು 30 ಲೀಟರ್ ತಣ್ಣೀರನ್ನು ಸ್ನಾನದ ಹದಕ್ಕೆ ತರಬಹುದು. ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ಕಡಿಮೆ ಸೌದೆಯಲ್ಲಿ ಉರಿಯುವ, ಹೊಗೆಯನ್ನು ಹೊರಗೆ ಸಾಗಿಸುವ ಒಲೆ ರೂಪಿಸಿತು. ಅಂಥ ಒಲೆಗೂ ಹಸಿ ಸೌದೆ ತುರುಕಿದರೆ ಕಣ್ಣೀರು ತಪ್ಪಿದ್ದಲ್ಲ. ಒಲೆಯ ಸುಧಾರಣೆಯ ಬಗ್ಗೆ ನಾವು ಆಡಿದಷ್ಟು ಮಾತನ್ನು ಸೌದೆಯ ಸೂರಿನ ಬಗ್ಗೆ ಆಡಲೇ ಇಲ್ಲ ಎಂಬ ಕೊರಗು ನನಗಿದೆ.

ನೀಲಗಿರಿ ಇಲ್ಲಿಗೆ ಹೆಚ್ಚಾಗಿ ಬರುವುದು ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ತೋಪುಗಳಿಂದ. ಅಂತರ್ಜಲದ ಚಿಂತೆಯಿಂದ ಸರ್ಕಾರ 2017ರಲ್ಲಿ ಹೊಸದಾಗಿ ಅದನ್ನು ನೆಡುವುದನ್ನು ನಿಷೇಧಿಸಿದೆ. ಇರುವುದನ್ನು ಮಳೆಗೆ ಕೊಳೆಯಬಿಡದೆ ಕಾಯಲು ಇದೂ ಒಂದು ಕಾರಣ.

ಮುಕ್ಕಾಲು ಗಂಟೆಯಲ್ಲಿ ಮಳೆ ನಿಂತಿತು. ಹಾಳೆಯ ಗುಂಡಿಗಳಲ್ಲಿ ನಿಂತ ನೀರನ್ನು ಹುಡುಗರು ಕೋಲಿನಿಂದ ಎತ್ತಿ ಚೆಲ್ಲಿದರು. ಕೊಡೆ ಮಡಚುತ್ತ ಒಳಬಂದ ಅಜ್ಜಿ ತಕ್ಕಡಿಯತ್ತ ಹೋಗದೆ ನೇರ ಒಟ್ಟಿಲ ಬಳಿಗೇ ನಡೆದರು.

'ಅಂಚಿನದು ಬೇಡಪ್ಪ, ನಡುವಿನದು ತೆಗಿ.'

'ನಡುವಿನದೇ ಕೊಡ್ತೀನಿ ಅಜ್ಜಿ, ಬಡಿದು ನೋಡಿ' ಎಂದು ಯಜಮಾನರು ಎರಡು ಸೀಳು ಕೈಗಿಟ್ಟರು.